ಮುರಿಯಬೇಕಾದ ಪಿನ್ನು

ಮುರಿಯಲೆಂದೇ ಇರುವ ಸಾಮಾನನ್ನು ಮುರಿಯುವ ಹಾಗೆ ಮಾಡಿಸುವುದು ಇಷ್ಟು ಕಷ್ಟ ಅಂತ ಬುಟ್ಟಿ ಮೇಡಂಗೆ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಎಳೆದು ನೋಡುವ ಯಂತ್ರದ ಮುಂದೆ ನಿಂತು ಮುಳ್ಳನ್ನೇ ನೋಡುತ್ತಿದ್ದಳು. ಮುಳ್ಳು ಒಂಬೈನೂರು ಕಿಲೋ ದಾಟಿತು. ಸಾವಿರ ದಾಟಿತು. ಪಿನ್ನು ಜಪ್ಪಯ್ಯ ಅಂದರೂ ಮುರಿಯಲಿಲ್ಲ. ಕೊನೆಗೆ ಸಾವಿರದ ನಾನೂರಕ್ಕೆ ಟಪ್ಪೆಂದಿತು. ಹತ್ತು ಪಿನ್ನು ಎಳೆದಳು, ಹತ್ತೂ ಅದೇ ಹಣೆಬರಹ.

"ಏನ್ ಗಟ್ಟಿ ಮೇಡಂ! ಆನೆ ಕಟ್ಟಬಹುದು," ಅಂದ ಯಂತ್ರ ನಡೆಸುವವನು, ಖುಷಿಯಿಂದ.

ಅವಳಿಗೆ ಮೈಯೆಲ್ಲ ಉರಿಯಿತು.

ಹಾರುತ್ತಿರುವ ವಿಮಾನಕ್ಕೆ ಹಾರುತ್ತಲೇ ಇಂಧನ ತುಂಬಿಸುವ ಸಲಕರಣೆ ಅವರ ಕಾರ್ಖಾನೆಯದು. ಟ್ಯಾಂಕರ್ ವಿಮಾನದ ಬಾಲದಿಂದ ಉದ್ದನೆಯ ಹೋಸ್ ಇಳಿಯುತ್ತದೆ. ಅದರ ತುದಿಗೆ ಬುಟ್ಟಿಯ ಹಾಗೊಂದು ಕೊಳವೆಬಾಯಿ. ಹಿಂದೆ ಬರುವ ಚಿಕ್ಕ ವಿಮಾನ ತನ್ನ ಮೂತಿಯ ಮುಂದಿರುವ ಪೈಪನ್ನು ಆ ಬುಟ್ಟಿಯೊಳಗೆ ತೂರಿಸಬೇಕು. ಬುಟ್ಟಿಯನ್ನು ರೂಪಿಸಿದವಳು ಇವಳು, ಹಾಗಾಗಿ ವರ್ಕ್‌ಶಾಪಿಗೆಲ್ಲ ಬುಟ್ಟಿ ಮೇಡಂ. ಈಗ ಪೈಪಿನ ತುದಿಯ ಕೆಲಸವೂ ಅವಳ ಕುತ್ತಿಗೆಗೇ ಬಿದ್ದಿತ್ತು. ತುದಿಯನ್ನು ಪೈಪಿಗೆ ಹಿಡಿದಿಡುವುದು ಮೂರು ಪಿನ್ನು. ಪೈಲಟ್ ವಾರೆಯಾಗಿ ನುಗ್ಗಿ ಬುಟ್ಟಿಯಲ್ಲಿ ಸಿಕ್ಕಿಕೊಂಡರೆ ಆ ಪಿನ್ನುಗಳು ಮುರಿಯಬೇಕು. ತುದಿ ಬುಟ್ಟಿಯಲ್ಲೇ ಉಳಿಯುತ್ತದೆ, ವಿಮಾನ ಬಿಡಿಸಿಕೊಂಡು ಮನೆಗೆ ಹೋಗುತ್ತದೆ. ಪಿನ್ನು ಮುರಿಯದಿದ್ದರೆ ಪೈಪು ಬುಡಸಮೇತ ಕಿತ್ತು ಬಂದು, ಇಂಧನ ಪೈಲಟ್ಟನ ಮುಖದೆದುರೇ ಚಿಮ್ಮುತ್ತದೆ. ಒಂಬೈನೂರಕ್ಕೆ ಮೊದಲು ಮುರಿಯಬಾರದು, ಸಾವಿರ ದಾಟಲೂಬಾರದು. ಶನಿವಾರ ಮೊದಲ ಹಾರಾಟ. ಪಿನ್ನು ಸರಿಯಾಗಿದೆ ಅಂತ ಸಹಿ ಹಾಕಬೇಕಾದವಳು ಅವಳೇ.

ಮೊದಲು ಸ್ಟೋರಿಗೆ ಹೋದಳು. ಸ್ಟೋರ್ ಕೀಪರ್ ಕನ್ನಡಕ ಹಣೆಗೇರಿಸಿ ನಕ್ಕ.

"ನೀವು ಕೇಳಿದ್ದು ಮಾಮೂಲಿ ಕಬ್ಬಿಣ ಮೇಡಂ. ವಿಮಾನಕ್ಕೆ ಅಂದ್ರಲ್ಲ, ಮನಸ್ಸು ತಡೀಲಿಲ್ಲ. ಒಳಗಿಟ್ಟಿದ್ದ ಒಳ್ಳೇ ಉಕ್ಕು ಕೊಟ್ಟೆ."

"ನಾನು ಕೇಳಿದ್ದನ್ನ ಕೊಡಿ ಅಣ್ಣ."

"ಕೆಟ್ಟದ್ದೇ ಬೇಕಾ?"

"ಕೆಟ್ಟದ್ದಲ್ಲ. ಬರೆದಿರೋದು."

ಅವಳ ಮುಖವನ್ನೇ ನೋಡಿ, ಈ ಹುಡುಗಿಗೆ ತಲೆ ಸರಿ ಇಲ್ಲ ಅನ್ನುವ ಹಾಗೆ ಲೊಚಗುಟ್ಟುತ್ತ ಎದ್ದು ಹೋಗಿ ಸರಳು ತಂದುಕೊಟ್ಟ.

ಮಂಗಳವಾರ ಎರಡನೇ ಸಲದ ಪಿನ್ನುಗಳು ಬಂದವು. ಸಾವಿರದ ಐವತ್ತಕ್ಕೆ ಮುರಿದವು. ಮೊದಲಿಗಿಂತ ಮೇಲು, ಆದರೂ ಮಿತಿ ದಾಟಿತ್ತು. ಅವಳು ಸ್ಕ್ರೂಗೇಜ್ ತೆಗೆದು ಪಿನ್ನಿನ ಕುತ್ತಿಗೆ, ಅಂದರೆ ಅದು ಮುರಿಯಬೇಕಾದ ಜಾಗ, ಅಳೆದಳು. ಆರು ಮಿಲಿಮೀಟರ್ ಇರಬೇಕಾದಲ್ಲಿ ಆರು ಪಾಯಿಂಟ್ ಮೂರು. ಹತ್ತಕ್ಕೆ ಹತ್ತೂ. ಇನ್ಸ್‌ಪೆಕ್ಟರ್ ಎಲ್ಲವನ್ನೂ ಪಾಸು ಮಾಡಿ ಹಸಿರು ಚೀಟಿ ಅಂಟಿಸಿದ್ದ.

"ಇದು ಹೇಗೆ ಪಾಸಾಯ್ತು?"

"ದಪ್ಪ ಇದೆಯಲ್ಲ ಮೇಡಂ. ತೆಳ್ಳಗಾದ್ರೆ ಗುಜರಿಗೆ ಹಾಕ್ಬೇಕು. ದಪ್ಪ ಇದ್ರೆ ಯಾವಾಗ ಬೇಕಾದ್ರೂ ಕೆರೆದುಕೊಳ್ಳಬಹುದು. ಇಪ್ಪತ್ತು ವರ್ಷದಿಂದ ಹೀಗೇ ನಡ್ಕೊಂಡು ಬಂದಿದೆ. ಅದೂ ಅಲ್ದೆ, ಇದು ನಿಮ್ಮ ಮಾವನ ಕೈಯಿಂದ ಬಂದ ಸಾಮಾನು. ನಾನು ತಿರುಗಿಸಿ ಕಳಿಸೋಕಾಗುತ್ತಾ?"

ಸಮಸ್ಯೆಯ ಬುಡ ಅಲ್ಲಿತ್ತು. ಪಿನ್ನು ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದದ್ದು ಅವಳ ಸೋದರಮಾವ. ಅಪ್ಪ ಇಲ್ಲದ ಮನೆಗೆ ಮೂವತ್ತು ವರ್ಷ ದುಡಿದು ಹಾಕಿದವನು, ಇವಳನ್ನು ಓದಿಸಿದವನು. ಇನ್ನೆರಡು ತಿಂಗಳಿಗೆ ರಿಟೈರಾಗುತ್ತಿದ್ದ. ವರ್ಕ್‌ಶಾಪಿನಲ್ಲಿ ಅವನ ಮಾತೆಂದರೆ ಮಾತು. ಅವನ ಕೋಪವಂತೂ ಸದಾ ಮೂಗಿನ ತುದಿಯಲ್ಲೇ.

"ಮಾವ, ಆರು ಅಂತ ಬರೆದಿದೀನಿ."

"ನೋಡ್ದೆ ಕಣೇ."

"ಮತ್ತೆ ಆರು ಪಾಯಿಂಟ್ ಮೂರು ಯಾಕೆ?"

ಮಾವ ಲೇತ್ ನಿಲ್ಲಿಸಲಿಲ್ಲ. "ನನ್ನ ಕೈಯಿಂದ ಹೋದ ಸಾಮಾನು ಇವತ್ತಿನವರೆಗೆ ಒಂದೂ ಮುರಿದು ವಾಪಸ್ ಬಂದಿಲ್ಲ. ಮೇಲೆ ಒಬ್ಬ ಹುಡುಗ ಕೂತಿರ್ತಾನೆ. ಅವನ ಕೆಳಗೆ ಬಡಕಲು ಪಿನ್ನು ಇಡು ಅಂತೀಯಲ್ಲ, ಕರುಳಿದೆಯಾ ನಿಂಗೆ?"

"ಅವನು ಬದುಕಲಿ ಅಂತಾನೇ ಅದು ಮುರೀಬೇಕು!"

"ಮುರಿಯೋದು ಮಾಡೋಕೆ ನಾನ್ಯಾಕೆ? ಬೀದಿಯಲ್ಲಿ ಹೋಗೋರನ್ನ ಕರಿ."

ಗೋಡೆಗೆ ಹೇಳಿದ್ದರೆ ಅದಾದರೂ ಕರಗುತ್ತಿತ್ತು. ಅವಳು ಮುಖ್ಯಸ್ಥರ ಕೋಣೆಗೆ ಹೋದಳು. ಸಾಹೇಬರು ಫೈಲಿನಿಂದ ತಲೆಯೆತ್ತದೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಜಾಣತನದ ನಗೆ ನಕ್ಕರು.

"ಇದಕ್ಕೆ ಇಷ್ಟೊಂದು ರಗಳೆ ಯಾಕಮ್ಮ? ಡ್ರಾಯಿಂಗಲ್ಲಿ ಐದೂ ಮುಕ್ಕಾಲು ಅಂತ ಬರಿ. ನಿಮ್ಮ ಮಾವ ರೂಢಿಯಂತೆ ದಪ್ಪ ಬಿಡ್ತಾರೆ. ಸರಿಯಾಗಿ ಆರಕ್ಕೆ ಬಂದು ನಿಲ್ಲುತ್ತೆ. ಅವರ ಮನಸ್ಸೂ ನೋಯಲ್ಲ, ಶನಿವಾರವೂ ತಪ್ಪಲ್ಲ."

ಒಂದು ಗಳಿಗೆ ಅವಳಿಗೂ ಆಸೆಯಾಯಿತು. ಪೆನ್ಸಿಲಿನ ಎರಡು ಗೀಟು, ಅಷ್ಟೇ.

"ಮಾವ ಎರಡು ತಿಂಗಳಿಗೆ ರಿಟೈರ್ ಸರ್. ಡ್ರಾಯಿಂಗ್ ಇಪ್ಪತ್ತು ವರ್ಷ ಇಲ್ಲೇ ಇರುತ್ತೆ. ಮುಂದೆ ಬರೋನು ಬರೆದ ಹಾಗೇ ಐದೂ ಮುಕ್ಕಾಲು ಮಾಡಿದ್ರೆ? ಮುಟ್ಟಿದ್ದಕ್ಕೆಲ್ಲ ಮುರೀತಾ ಹೋಗುತ್ತೆ."

"ಆಗ ನೋಡ್ಕೊಳ್ಳೋಣ."

"ಆಗ ನೀವೂ ಇರಲ್ಲ ಸರ್."

ಸಾಹೇಬರ ನಗೆ ಆರಿತು. "ಶುಕ್ರವಾರ ಸಂಜೆ ನಿನ್ನ ಸಹಿ ಬೇಕು. ಹೇಗೆ ಅನ್ನೋದು ನಿನಗೆ ಬಿಟ್ಟಿದ್ದು," ಅಂದರು.

ಬುಧವಾರ ಪೈಲಟ್ ಬಂದ. ಪೈಪಿನ ತುದಿ ನೋಡಿಕೊಂಡು ಹೋಗಲು ಬಂದವನು. ಇವನೊಬ್ಬನಾದರೂ ತನ್ನ ಪರ ಮಾತಾಡುತ್ತಾನೆ ಅಂತ ಅವಳು ಅವನನ್ನು ನೆಟ್ಟಗೆ ಮಾವನ ಲೇತಿನ ಹತ್ತಿರವೇ ಕರೆದುಕೊಂಡು ಹೋದಳು. "ಇವರಿಗೆ ಸ್ವಲ್ಪ ನೀವೇ ಹೇಳಿ," ಅಂದಳು.

ಪೈಲಟ್ ಕತ್ತು ಕೆರೆದುಕೊಂಡ. "ನಿಜ ಹೇಳ್ಬೇಕಂದ್ರೆ ಮೇಡಂ, ಸ್ವಲ್ಪ ಗಟ್ಟಿ ಇದ್ರೇ ಒಳ್ಳೇದು. ನಾನು ಒಂಚೂರು ಜೋರಾಗೇ ನುಗ್ಗೋನು. ತುದಿ ಮುರ್ಕೊಂಡು ಇಳಿದ್ರೆ ಹುಡುಗರೆಲ್ಲ ಸೇರಿ ತಿಂಗಳಾನುಗಟ್ಟಲೆ ಮೂಗುಮುರುಕ ಅಂತಾರೆ."

ಮಾವ ಗೆದ್ದವನ ಹಾಗೆ ತಿರುಗಿ ನೋಡಿದ. "ಕೇಳಿಸ್ತಾ? ಹೋಗೋನೇ ಹೇಳ್ತಿದಾನೆ."

ಬುಟ್ಟಿ ಮೇಡಂ ಸರ್ರನೆ ತಿರುಗಿ ಹೊರಟಳು. ಅಲ್ಲೇ ನಿಂತು ಬಾಯಿ ತೆರೆದಿದ್ದರೆ ಬೈಗುಳ ಬರುತ್ತಿತ್ತು. ಯಾರ ಜೀವ ಉಳಿಸಲು ಈ ಪಾಡೋ, ಅವನಿಗೇ ಜೀವಕ್ಕಿಂತ ಅಡ್ಡಹೆಸರಿನ ಭಯ.

ಮನೆಗೆ ಹೋದರೆ ಅಲ್ಲಿಯೂ ಅದೇ. ಅಮ್ಮ ತಟ್ಟೆ ಇಡುತ್ತಲೇ ಶುರು ಮಾಡಿದಳು. "ಅತ್ತಿಗೆ ಫೋನ್ ಮಾಡಿದ್ರು. ಅಣ್ಣ ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡಿಲ್ವಂತೆ. ಎಲ್ಲರೆದುರು ಅವನ ಕೆಲಸ ಸರಿ ಇಲ್ಲ ಅಂದ್ಯಂತೆ?"

"ಅಳತೆ ಸರಿ ಇಲ್ಲ ಅಂದೆ ಅಮ್ಮ."

"ಅಂಥದ್ದೇನೇ ಅದು, ಒಂದು ಕೂದಲಷ್ಟು ಹೆಚ್ಚುಕಮ್ಮಿ? ಹೋಗೋ ಕಾಲಕ್ಕೆ ಅವನ ಮನಸ್ಸು ಯಾಕೆ ಮುರೀತೀಯ?"

"ಈ ವಾರ ಸುಲಭವಾಗಿ ಮುರಿದಿರೋದು ಅದೊಂದೇ," ಅಂದು ಅವಳು ಊಟಕ್ಕೆ ಕೈ ಹಾಕಿದಳು.

ಗುರುವಾರ ಮಧ್ಯಾಹ್ನ ವರ್ಕ್‌ಶಾಪ್ ಊಟಕ್ಕೆ ಖಾಲಿಯಾಗಿದ್ದಾಗ ಮಾವ ಒಬ್ಬನೇ ಲೇತಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಊಟದ ಡಬ್ಬಿಯ ಮುಚ್ಚಳ ಹಾಗೇ ಇತ್ತು. ಅವಳು ಮಂಗಳವಾರದ ಪಿನ್ನುಗಳಲ್ಲಿ ಒಂದರ ತುಂಡನ್ನು ಅವನೆದುರು ಇಟ್ಟಳು. ತುದಿಯಲ್ಲಿ ಪುಟ್ಟ ತ್ರಿಕೋನದ ಅಚ್ಚಿತ್ತು. ಅಲ್ಲಿ ಲೇತ್ ನಡೆಸುವ ಪ್ರತಿಯೊಬ್ಬನಿಗೂ ಒಂದೊಂದು ಗುರುತು, ತ್ರಿಕೋನ ಮಾವನದು.

"ಇದು ಯಾರದ್ದು ಮಾವ?"

"ಕಣ್ಣು ಕಾಣಲ್ವಾ? ನಂದೇ."

"ಶನಿವಾರ ಆ ಪೈಲಟ್ ವಾರೆಯಾಗಿ ಸಿಕ್ಕಿಹಾಕ್ಕೊಂಡ ಅಂತಿಟ್ಕೊಳ್ಳಿ. ಪೈಪು ಬುಡದಿಂದ ಕಿತ್ತುಬಂತು. ವಿಮಾನ ಬಿತ್ತು. ವಿಚಾರಣೆಗೆ ಬರೋರು ಮೊದಲು ಹುಡುಕೋದು ಈ ಮೂರು ಪಿನ್ನು. ಸುಟ್ಟುಹೋದ ರಾಶಿಯಲ್ಲಿ ಮೂರೂ ನೆಟ್ಟಗೆ ಸಿಗುತ್ತವೆ. ಯಾಕಂದ್ರೆ ಮುರಿದಿರಲ್ಲ. ಒರೆಸಿ ನೋಡಿದ್ರೆ ತ್ರಿಕೋನ."

ಮಾವ ಲೇತಿನ ಮೇಲಿದ್ದ ಕಬ್ಬಿಣದ ಸುರುಳಿಗಳನ್ನು ಕೈಯಿಂದ ಕೆಳಗೆ ಸರಿಸಿದ.

"ಅಳತೆ ಹಾಕಿದವಳು ನಾನು, ಸಹಿ ಹಾಕೋಳೂ ನಾನೇ. ಇದಕ್ಕೆ ನಾನು ಸಹಿ ಹಾಕಲ್ಲ. ಕೆಲಸ ಹೋದರೆ ಹೋಗಲಿ. ನಾನು ಹೋದ ಮೇಲೆ ಬೇರೆ ಯಾರೋ ಕಣ್ಣು ಮುಚ್ಚಿ ಹಾಕ್ತಾರೆ. ಆದರೆ ಅಚ್ಚು ಮಾತ್ರ ನಿಮ್ಮದೇ ಇರುತ್ತೆ."

"ಹೆದರಿಸ್ತೀಯೇನೇ ನನ್ನ?"

"ಹೌದು. ಇನ್ನೇನು ಮಾಡಲಿ? ಮೂರು ದಿನದಿಂದ ಬಾಯಿ ನೋಯೋ ಹಾಗೆ ಹೇಳಿದೆ. ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ."

ಮಾವ ತುಂಡನ್ನು ಬೆರಳುಗಳ ನಡುವೆ ತಿರುಗಿಸಿದ. ಮುರಿದ ಜಾಗವನ್ನು ಬೆಳಕಿಗೆ ಹಿಡಿದ. "ಚಿಕ್ಕವಳಿದ್ದಾಗ ಇಷ್ಟು ಮಾತಾಡ್ತಿರಲಿಲ್ಲ ನೀನು," ಅಂದ. ತುಂಡನ್ನು ಗುಜರಿ ಡಬ್ಬಕ್ಕೆ ಎಸೆದ. ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಎದ್ದ. "ಆಚೆ ನಿಲ್ಲು. ಬೆಳಕಿಗೆ ಅಡ್ಡ ಬರ್ತಿದೀಯ."

ಅವತ್ತು ಸಂಜೆಯೊಳಗೆ ಹೊಸದಾಗಿ ಪಿನ್ನುಗಳು ಬಂದವು. ಅವಳು ಹತ್ತನ್ನು ಎಳೆದಳು. ಒಂಬೈನೂರ ನಲವತ್ತು, ಒಂಬೈನೂರ ಐವತ್ತೈದು, ಒಂಬೈನೂರ ನಲವತ್ತೆರಡು. ಹತ್ತೂ ಮಿತಿಯೊಳಗೇ. ಯಂತ್ರ ನಡೆಸುವವನು ಪಾಪ ಅನ್ನುವ ದನಿಯಲ್ಲಿ, "ಈ ಸಲ ಯಾಕೋ ಕೈಕೊಟ್ಟಿತು ಮೇಡಂ," ಅಂದ. ಅವಳು ಅವನ ಕಡೆ ನೋಡದೆ ಕಾಗದದ ಮೇಲೆ ಸಹಿ ಹಾಕಿದಳು.

ಶನಿವಾರ ಹಾರಾಟ ನಡೆಯಿತು. ಜೋರಾಗಿ ನುಗ್ಗುತ್ತೇನೆ ಅಂದಿದ್ದ ಪೈಲಟ್ ನಾಲ್ಕು ಸಲವೂ ಹೊಸ ಅಳಿಯನ ಹಾಗೆ ನಯವಾಗಿ ಬಂದು ಬುಟ್ಟಿಗೆ ಮೂತಿ ಇಟ್ಟ. ಇಂಧನ ಹರಿಯಿತು. ಏನೂ ಸಿಕ್ಕಿಕೊಳ್ಳಲಿಲ್ಲ, ಏನೂ ಮುರಿಯಲಿಲ್ಲ.

ಸೋಮವಾರ ಅವಳು ವರ್ಕ್‌ಶಾಪಿಗೆ ಕಾಲಿಡುವಷ್ಟರಲ್ಲಿ ಮಾವನ ಸುತ್ತ ಗುಂಪು ನೆರೆದಿತ್ತು. ಸ್ಟೋರ್ ಕೀಪರ್ ಕೈ ಕುಲುಕುತ್ತಿದ್ದ. ಇನ್ಸ್‌ಪೆಕ್ಟರ್ ಬೆನ್ನು ತಟ್ಟುತ್ತಿದ್ದ.

"ನಾಲ್ಕು ಸಲ ಗುದ್ದಿದ್ರೂ ಮುರೀಲಿಲ್ಲ!" ಸ್ಟೋರ್ ಕೀಪರ್ ಅವಳಿಗೆ ಕೇಳಿಸಲೆಂದೇ ದನಿ ಏರಿಸಿದ. "ಕೆಟ್ಟ ಕಬ್ಬಿಣ ಕೊಟ್ರೂ ಮಾಸ್ಟ್ರ ಕೈಯಲ್ಲಿ ವಜ್ರ ಆಯ್ತು ನೋಡಿ."

ಅದು ಮುರಿಯುವಂಥ ಸಂದರ್ಭವೇ ಬರಲಿಲ್ಲ ಅಂತ ಹೇಳಲು ಅವಳು ಬಾಯಿ ತೆರೆದಳು. ಎಲ್ಲರ ಮುಖ ನೋಡಿದಳು. ಮಾವ ಹೊಗಳಿಕೆಯನ್ನೆಲ್ಲ ಬಾಚಿಕೊಳ್ಳುತ್ತ ನಿಂತಿದ್ದ. ಇದೇ ಉಮೇದಿನಲ್ಲಿ ಮಾವ ಮತ್ತೆ ದಪ್ಪ ಬಿಡದಿದ್ದರೆ ಸಾಕು ಅನ್ನಿಸಿತು ಅವಳಿಗೆ. ಮುಂದಿನ ವಿಮಾನಗಳಿಗೆಂದು ಮಾಡಿದ ಅರವತ್ತು ಪಿನ್ನು ಮೇಜಿನ ಮೇಲೆ ಟ್ರೇಯಲ್ಲಿದ್ದವು. ಹಸಿರು ಚೀಟಿ ಆಗಲೇ ಬಿದ್ದಿತ್ತು.

ಅವಳು ಚೀಟಿ ಕಿತ್ತು, ಸ್ಕ್ರೂಗೇಜ್ ತೆಗೆದು ಮೊದಲನೆಯದನ್ನು ಅಳೆದಳು. ಗುಂಪು ಹತ್ತಿರಕ್ಕೆ ಬಾಗಿತು.

ಆರು.

"ಆಯ್ತಾ? ಸಮಾಧಾನವಾಯ್ತಾ?" ಅಂದ ಮಾವ.

ಅವಳು ಎರಡನೆಯದನ್ನು ತೆಗೆದುಕೊಂಡಳು.

"ಎಲ್ಲ ಒಂದೇ ಅಳತೆ ಕಣೇ. ಮಾವನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇಲ್ಲ ಮಾವ," ಅಂದು ಅವಳು ಸ್ಟೂಲು ಎಳೆದುಕೊಂಡು ಕೂತಳು. ಗುಂಪು ಒಬ್ಬೊಬ್ಬರಾಗಿ ಕರಗಿತು. ಮಾವ ಮಾತ್ರ ಕದಲಲಿಲ್ಲ. ಅವಳು ಅಳೆದಿಟ್ಟ ಪ್ರತಿ ಪಿನ್ನನ್ನೂ ಮತ್ತೆ ಎತ್ತಿ, ಬಟ್ಟೆಯಿಂದ ಒರೆಸಿ, ಗೊಣಗುತ್ತ ಟ್ರೇಯಲ್ಲಿ ಸಾಲಾಗಿ ಜೋಡಿಸುತ್ತ ಹೋದ. ಅರವತ್ತೂ ಮುಗಿಯುವ ಹೊತ್ತಿಗೆ ಊಟದ ಗಂಟೆ ಹೊಡೆದು ಅರ್ಧ ಗಂಟೆಯಾಗಿತ್ತು.