ನಾಲ್ಕು ಅಡಿಷನಲ್ ಶೀಟು

ಮತ್ತೆ ಆ ಕೈ ಮೇಲೆದ್ದಿತು, ಮೂರನೇ ಸಾಲಿನ ಕಿಟಕಿ ಪಕ್ಕದ ಕೈ, ಇದು ನಾಲ್ಕನೇ ಸಲ, ಸಾರ್ ಅಡಿಷನಲ್ ಶೀಟ್, ಬರೀತಿದ್ದಾಳಪ್ಪ ಬರೀತಿದ್ದಾಳೆ, ಮೇಷ್ಟ್ರ ಎದೆ ಹಗುರಾಯಿತು, ಹಾಳೆ ಕೊಟ್ಟರು, ಸಹಿ ಹಾಕಿಸಿಕೊಂಡರು, ಪರೀಕ್ಷೆಯ ಕೋಣೆಯಲ್ಲಿ ತುಟಿಪಿಟಕ್ಕೆನ್ನಬಾರದು, ಇಲ್ಲದಿದ್ದರೆ ಭೇಷ್ ಮಗಳೇ ಅಂದುಬಿಡುತ್ತಿದ್ದರು, ಇವತ್ತು ಬಿದ್ದರೆ ಪದವಿಯಿಂದಲೇ ಹೊರಗೆ, ಇದು ಅವಳ ಕೊನೇ ಅವಕಾಶ — ಬಾಗಿಲಲ್ಲಿ ಗಂಟೆಯಣ್ಣ, ಕಾಲೇಜಿನ ಗಂಟೆ ಹೊಡೆಯುವ ಅಟೆಂಡರು, ಹುಡುಗಿಯ ಅಪ್ಪ, ಮಗಳು ಕೂತ ಕೋಣೆಗೆ ಕಾಲಿಡುವಂತಿಲ್ಲ, ಅದಕ್ಕೇ ಹೊಸ್ತಿಲಾಚೆ, ಕೈಯಲ್ಲಿ ಹಾಳೆಯ ಕಟ್ಟು, ಮುಖದ ತುಂಬ ಹಲ್ಲು, ಇನ್ನೊಂದು ತಗೊಂಡ್ಲಾ ಸಾರ್, ನಮ್ಮನೇಲಿ ಪೇಪರ್ ಮೇಲೆ ಬರೆಯೋಳು ಇವಳೇ ಮೊದಲು, ನಾನು ಬರೀ ಹೊತ್ತೋನು. ಶ್, ಎಂದರು ಮೇಷ್ಟ್ರು, ನಗುತ್ತಲೇ.

ಕಳೆದ ತಿಂಗಳು ಸ್ಟಾಫ್ ರೂಮಿಗೆ ಬಂದಿದ್ದಳಲ್ಲ, ಸಾರ್ ಐದು ನಿಮಿಷ, ಓದಿದ್ದು ಕಣ್ಣಲ್ಲೇ ನಿಲ್ಲುತ್ತೆ ಸಾರ್, ಒಳಗೆ ಹೋಗ್ತಿಲ್ಲ, ನಿದ್ದೆನೂ ಬರಲ್ಲ, ಅಯ್ಯೋ ಎಲ್ಲರಿಗೂ ಹಾಗೇ ಕಣಮ್ಮ, ಬರೆಯೋಕೆ ಕೂತ್ರೆ ತಾನಾಗೇ ಬರುತ್ತೆ ಹೋಗು, ಆಗ ಮೇಷ್ಟ್ರು ಮಾರ್ಗದರ್ಶಕರ ಫಾರಂ ತುಂಬುತ್ತಿದ್ದರು, ಅವರ ಉಸ್ತುವಾರಿಗೆ ಕೊಟ್ಟ ಇಪ್ಪತ್ತು ಮಕ್ಕಳು, ಸಮಸ್ಯೆ ಏನಾದರೂ ಇದೆಯೇ ಎಂಬ ಕಾಲಮಿನಲ್ಲಿ ಇಲ್ಲ, ಇಲ್ಲ, ಇಲ್ಲ, ಅವಳು ಎದುರಿಗೆ ನಿಂತಿರುವಾಗಲೇ ಅವಳ ಹೆಸರಿನ ಮುಂದೂ ಇಲ್ಲ. ಕಷ್ಟದಲ್ಲಿರುವ ವಿದ್ಯಾರ್ಥಿಯನ್ನು ಗುರುತಿಸುವುದು ಹೇಗೆ ಎಂಬ ಕಾರ್ಯಾಗಾರಕ್ಕೂ ಹೋಗಿದ್ದರು ಮಹಾರಾಯರು, ಮುಂದಿನ ಸಾಲಲ್ಲೇ ಕೂತಿದ್ದರು, ಈಗ ನೆನಪಿರುವುದು ಅಲ್ಲಿ ಕೊಟ್ಟ ಚೀಲದ ಜಿಪ್ಪು ಗಟ್ಟಿಯಾಗಿತ್ತು ಎಂಬುದಷ್ಟೇ.

ಕೊನೆಯ ಹತ್ತು ನಿಮಿಷ, ಹಾಳೆ ಕಟ್ಟಲು ದಾರ ಹಂಚುತ್ತ ಅವಳ ಮೇಜಿಗೆ ಬಂದರು, ಉತ್ತರ ಪತ್ರಿಕೆ ಬಿಳಿ, ತಿರುವಿದರು, ಬಿಳಿ, ಅಡಿಷನಲ್ ಒಂದು, ಎರಡು, ಮೂರು, ನಾಲ್ಕು, ಮೇಲ್ಗಡೆ ದುಂಡಗೆ ನೋಂದಣಿ ಸಂಖ್ಯೆ, ಕೆಳಗೆ ಬಿಳಿ, ಮೂರು ಗಂಟೆ ಮೊಣಕೈ ಅಡ್ಡ ಇಟ್ಟು ಬಗ್ಗಿಕೊಂಡಿದ್ದಳಲ್ಲ, ಪಕ್ಕದವರು ನೋಡಬಾರದೆಂದು ಮುಚ್ಚಿಕೊಂಡಿದ್ದಾಳೆ, ಒಳ್ಳೇ ಹುಡುಗಿ, ಎಂದುಕೊಂಡಿದ್ದರು. ಏನಮ್ಮ ಇದು. ಬರ್ತಿಲ್ಲ ಸಾರ್. ಮತ್ತೆ ಶೀಟ್ ಯಾಕೆ ತಗೊಂಡೆ? ಅವಳು ಬಾಗಿಲ ಕಡೆ ನೋಡಿದಳು, ಅಪ್ಪಂಗೆ ಖುಷಿ ಆಗುತ್ತೆ ಸಾರ್.

ಕೆಟ್ಟ ಮೇಲೆ ಬುದ್ಧಿ ಬಂತು, ಈಗ ಯಾರನ್ನು ಕೂಗಲಿ, ಪ್ರಿನ್ಸಿಪಾಲರು ನಿಯಮ ಅನ್ನುತ್ತಾರೆ, ಆಪ್ತಸಮಾಲೋಚಕಿಯ ನಂಬರು ಆ ಚೀಲದಲ್ಲೆಲ್ಲೋ ಇದೆ, ಆ ಐದು ನಿಮಿಷ, ಬರೀ ಐದು, ಈಗ ಕೊಡುತ್ತೇನೆ ತಗೊಳ್ಳಮ್ಮ ಎಂದರೆ ಎಲ್ಲಿದೆ ಅದು, ಗಂಟೆಯಣ್ಣ ಆಗಲೇ ಗಡಿಯಾರ ನೋಡುತ್ತ ಹೊರಟ, ಹೋಗಬೇಡ ಮಾರಾಯ, ಹೊಡೆಯಬೇಡ — ಹೊಡೆದ, ಉದ್ದಕ್ಕೆ, ಖುಷಿಯಲ್ಲಿ ಎರಡು ಏಟು ಜಾಸ್ತಿಯೇ, ಓಡಿಬಂದು ಏದುಸಿರಿನಲ್ಲಿ, ಒಟ್ಟು ಎಷ್ಟಾಯ್ತು ಸಾರ್? ನಾಲ್ಕು, ಎಂದಿತು ಮೇಷ್ಟ್ರ ಬಾಯಿ, ಸುಳ್ಳಲ್ಲವಲ್ಲ, ನಾಲ್ಕೇ, ಅವನು ಕೈಮುಗಿಯುತ್ತಿದ್ದಾನೆ, ನಿಮ್ಮ ಆಶೀರ್ವಾದ ಸಾರ್, ಬೇಡ ಕಣಯ್ಯ, ಮುಗಿಯಬೇಡ, ಕಿಟಕಿ ಪಕ್ಕದಲ್ಲಿ ಹುಡುಗಿ ಬಿಳಿ ಹಾಳೆಗಳ ಅಂಚು ಸಮ ಮಾಡುತ್ತಾಳೆ, ತೂತಿನೊಳಗೆ ದಾರ ತೂರಿಸುತ್ತಾಳೆ, ಬಿಳಿ ಹಾಳೆ, ಒಂದು ಗಂಟು, ಯಾವುದೂ ಬಿದ್ದುಹೋಗದ ಹಾಗೆ ಇನ್ನೊಂದು ಗಂಟು, ಬಿಳಿ ಹಾಳೆ,