ಬೇವಿನ ಪೆಟ್ಟಿಗೆಯ ತೂತು

ತಂಗಿಯ ಮದುವೆ ಮುಗಿಸಿಕೊಂಡು ಗೋನೆಗಂಡ್ಲದಿಂದ ಆದೋನಿಗೆ ಬಂದ ಗಾದಿಲಿಂಗಮ್ಮ ತನ್ನ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗೋಡೆಗೆ ಒಂದು ಗೋಣಿಚೀಲ ಒರಗಿತ್ತು. ಅದರ ಬಾಯಿಂದ ಅವಳ ಧಾರೆ ಸೀರೆಯ ಸೆರಗು ಇಣುಕುತ್ತಿತ್ತು. ಸೀರೆಗಳಿರಬೇಕಾಗಿದ್ದ ಬೇವಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಅದರ ಮುಂಭಾಗಕ್ಕೆ ಊಟದ ತಟ್ಟೆಯಷ್ಟು ಅಗಲದ ತೂತು ಕೊರೆದು, ಕರಿಯ ಸ್ಪೀಕರ್ ಒಂದನ್ನು ಕೂಡಿಸಿ ಸ್ಕ್ರೂ ಬಿಗಿಯಲಾಗಿತ್ತು.

ಆ ಪೆಟ್ಟಿಗೆ ಅವಳಪ್ಪ ಯರ್ರೆಪ್ಪ ಮಾಡಿದ್ದು. ಗೋನೆಗಂಡ್ಲದಲ್ಲಿ ಬಡಗಿ ಆತ. ಹಿತ್ತಿಲ ಬೇವಿನ ಮರ ಗಾಳಿಗೆ ಉರುಳಿದಾಗ, ಹಲಗೆಗಳನ್ನು ಯಾರಿಗೂ ಮಾರದೆ ಮಗಳ ಮದುವೆಗೆಂದು ಎತ್ತಿಟ್ಟಿದ್ದ. ಈ ಮನೆಯಲ್ಲಿ ತನ್ನದು ಅಂತ ಅವಳು ಹೇಳಿಕೊಳ್ಳುವ ಸಾಮಾನು ಅದೊಂದೇ.

ಅವಳ ಗಂಡ ಮಾರಣ್ಣನಿಗೆ ಬಜಾರಿನಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಬೊಂಬಾಯಿಯಿಂದ ಚಿಕ್ಕ ಸ್ಪೀಕರುಗಳ ಜೋಡಿಯೊಂದನ್ನು ತರಿಸಿಕೊಂಡಿದ್ದ. ಅವುಗಳಲ್ಲಿ ಹಾಡು ಕೇಳಿದರೆ ಹಾಡುವವರು ಎದುರಿಗೇ ಕೂತಂತಿರುತ್ತಿತ್ತು. ಡೊಳ್ಳು ಮಾತ್ರ ಖಾಲಿ ಡಬ್ಬಿ ಬಡಿದಂತೆ ಕೇಳುತ್ತಿತ್ತು. ಆ ಒಂದು ಕೊರತೆ ಅವನನ್ನು ತಿಂಗಳುಗಟ್ಟಲೆ ಕಾಡಿತ್ತು.

"ಬಂದ್ಯಾ? ಕುಂದ್ರು, ಮೊದ್ಲು ಕೇಳು" ಎಂದು ಮಾರಣ್ಣ ಸಡಗರದಿಂದ ಎದ್ದ. "ಸಣ್ಣ ಸದ್ದು ಇವೆರಡಕ್ಕ, ದಪ್ಪ ಸದ್ದು ಆ ಪೆಟಿಗಿಗೆ. ತಾಮ್ರದ ತಂತಿ ಸುತ್ತಿ ಬ್ಯಾರೆ ಬ್ಯಾರೆ ಮಾಡೀನಿ. ಈಗ ಡೊಳ್ಳು ಎದಿಗೇ ಬಡಿತೈತಿ!"

"ನನ್ನ ಪೆಟಿಗಿ ಯಾರನ್ನ ಕೇಳಿ ಕೊರದ್ರಿ?"

"ನೀ ಊರಾಗ ಇದ್ದಿಲ್ಲಲ್ಲ. ತೆಳು ಹಲಗಿ ಹಾಕಿದ್ರ ಗಡಗಡ ಅಂತೈತಿ. ನಿಮ್ಮಪ್ಪನ ಹಲಗಿ ಅಲ್ಲಾಡಂಗಿಲ್ಲ ನೋಡು."

"ಯಾರನ್ನ ಕೇಳಿದಿ?"

ಮದುವೆಯಾದಂದಿನಿಂದ ಗಂಡನಿಗೆ ಆಡುತ್ತಿದ್ದ 'ರಿ' ಅವಳ ಬಾಯಿಂದ ಅವತ್ತು ಬಿದ್ದುಹೋಯಿತು. ಮಾರಣ್ಣನಿಗೆ ಅದು ಕೇಳಿಸಲೇ ಇಲ್ಲ. ಗುಂಡಿ ಒತ್ತಿದ. ನೆಲ ನಡುಗಿತು, ಅಡುಗೆಮನೆಯ ತಟ್ಟೆಗಳು ಕಟಕಟ ಎಂದವು. ಪಕ್ಕದ ಮನೆಯ ದಸ್ತಗಿರಮ್ಮ ಬಾಗಿಲಿಗೆ ಓಡಿಬಂದು, "ಏಮಮ್ಮಾ, ನಿಮ್ಮ ಮನಿಯಾಗ ಗುಡುಗು ಹೊಕ್ಕೈತೇನು?" ಎಂದು ನಕ್ಕಳು.

ಗಾದಿಲಿಂಗಮ್ಮ ನಗಲಿಲ್ಲ. ಹೋಗಿ ತಂತಿ ಹಿಡಿದು ಜಗ್ಗಿದಳು. ಹಾಡು ನಿಂತಿತು.

"ಏ, ಹಂಗ ಎಳೀಬ್ಯಾಡ, ಹರಿತೈತಿ!"

"ನಿನ್ನ ತಂತಿಗೆ ಇಷ್ಟು ನೋವಾಗತೈತೇನು?"

ಆಮೇಲೆ ಎಂದಿನಂತೆ ಅಡುಗೆ ಮಾಡಿ ಬಡಿಸಿದಳು. ಆದರೆ ತವರಿಗೆ ಹೇಳಿಕಳಿಸಿದಳು. ಅಪ್ಪ ಬರಲಿ, ಅವನ ಕೈಕೆಲಸಕ್ಕೆ ಬಿದ್ದ ತೂತನ್ನು ಅವನೇ ನೋಡಲಿ, ಅಳಿಯನನ್ನು ಬಾಯಿಗೆ ಬಂದಂತೆ ಬೈಯಲಿ ಎಂದು ಕಾದಳು.

ಸಂತೆಯ ದಿನ ಯರ್ರೆಪ್ಪ ಬಂದ. ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ತೂತಿನ ಅಂಚಿನ ಸುತ್ತ ಬೆರಳಾಡಿಸಿದ. ಗಾದಿಲಿಂಗಮ್ಮ ಅವನ ಬೈಗುಳಕ್ಕೆ ಕಾಯುತ್ತ ನಿಂತಿದ್ದಳು.

"ಯಾವುದರಿಂದ ಕೊರದ್ರಿ, ಅಳಿಯಂದ್ರ? ಅಂಚು ಒಂಚೂರೂ ಸೀಳಿಲ್ಲ."

ಮಾರಣ್ಣನ ಮುಖ ಅರಳಿತು. ಹಾಡು ಹಾಕಿದ. ಯರ್ರೆಪ್ಪ ಪೆಟ್ಟಿಗೆಯ ಬೆನ್ನಿಗೆ ಅಂಗೈಯಿಟ್ಟು ಕೇಳಿದ. "ಹಿಂದಿನ ಹಲಗಿ ಜುಮ್ ಅಂತೈತಿ. ಒಳಗ ಅಡ್ಡಪಟ್ಟಿ ಒಂದು ಹೊಡದ್ರ ನಿಲ್ತೈತಿ."

"ಹೌದಾ ಮಾವ? ಎಲ್ಲಿ ಹೊಡೀಬೇಕು?"

ಇಬ್ಬರ ತಲೆಯೂ ಪೆಟ್ಟಿಗೆಯತ್ತ ಬಾಗಿತು. ಅಷ್ಟು ದಿನ ಗಂಡನ ಮೇಲಿದ್ದ ಸಿಟ್ಟು ಆಗ ಇಬ್ಬರ ಮೇಲೂ ಭುಗಿಲೆದ್ದಿತು.

"ಅಪ್ಪಾ, ಈ ಪೆಟಿಗಿ ಯಾರಿಗೆ ಕೊಟ್ಟಿದ್ದಿ?"

"ನಿನಗವ್ವ."

"ಬಂದಾಗಿಂದ ನನ್ನ ಕಡಿ ಒಮ್ಮ್ಯಾರ ನೋಡಿದೇನು? ಇವ ಕೊರದ, ನೀ ಮೆಚ್ಚಿದಿ. ಇನ್ನ ಇಬ್ರೂ ಕೂಡಿ ಪಟ್ಟಿ ಹೊಡೀರಿ. ನನ್ನ ಸೀರಿ ಗೋಣಿಚೀಲದಾಗ ಅದಾವು, ನಾನೂ ಅದರಾಗ ಕುಂದ್ರತೀನಿ!"

ಯರ್ರೆಪ್ಪನ ಕೈ ಪೆಟ್ಟಿಗೆಯಿಂದ ಜಾರಿತು.

"ಹೊಸಾದು ತಂದುಕೊಡ್ತೀನಿ, ಬಿಡು" ಎಂದ ಮಾರಣ್ಣ.

"ಹೊಸಾದು ಬ್ಯಾಡ. ಇದಾ ಬೇಕು. ತೂತಿಲ್ಲದ್ದು."

"ಅದು ಹೆಂಗಾಗತೈತಿ?"

"ಆಗಂಗಿಲ್ಲ. ಅದಕ್ಕಾ ನನಗ ಸಿಟ್ಟು."

ಅವಳೇ ಸ್ಕ್ರೂಡ್ರೈವರ್ ತಗೊಂಡು ಕೂತಳು. ಒಂದೊಂದಾಗಿ ಸ್ಕ್ರೂ ಬಿಚ್ಚಿ, ಸ್ಪೀಕರನ್ನು ಕಿತ್ತು ಗಂಡನ ಮಡಿಲಿಗಿಟ್ಟಳು. ಯಾರೂ ತಡೆಯಲಿಲ್ಲ. ಯರ್ರೆಪ್ಪ ಊರಿಗೆ ಹೋಗದೆ ಅಲ್ಲೇ ಉಳಿದು, ಎಲ್ಲಿಂದಲೋ ಬೇವಿನ ತುಂಡೊಂದನ್ನು ಹುಡುಕಿ ತಂದು ತೂತಿಗೆ ಕೂಡಿಸಿದ. ಎಷ್ಟು ಉಜ್ಜಿದರೂ ಬಣ್ಣ ಕೂಡಲಿಲ್ಲ. ಹೊರಡುವಾಗ ಮಗಳ ತಲೆ ಮುಟ್ಟಿ ಏನೋ ಹೇಳಲು ಹೋಗಿ, ನೀರು ಕೇಳಿದ. ಅವಳು ತಂದುಕೊಟ್ಟಳು.

ಮಾರಣ್ಣ ದಪ್ಪ ಹಲಗೆಯಲ್ಲಿ ಬೇರೆ ಪೆಟ್ಟಿಗೆ ಮಾಡಿ ಅಂಗಡಿಯಲ್ಲಿಟ್ಟ. ಒಂದು ಸಂಜೆ ಬದನೆಕಾಯಿ ತರಲು ಬಜಾರಿಗೆ ಹೋದ ಗಾದಿಲಿಂಗಮ್ಮನಿಗೆ ಅದು ದೂರದಿಂದಲೇ ಕೇಳಿಸಿತು. ಈಗ ನೆಲ ನಡುಗುತ್ತಿರಲಿಲ್ಲ. ದಪ್ಪ ಸದ್ದನ್ನು ಅವನು ತಗ್ಗಿಸಿ ಹದಕ್ಕೆ ತಂದಿದ್ದ. ಡೊಳ್ಳು ಆ ಚಿಕ್ಕ ಸ್ಪೀಕರುಗಳಿಂದಲೇ ಹೊರಟು ಬರುತ್ತಿದೆಯೇನೋ ಎಂಬಂತೆ ಹಾಡಿನೊಳಗೆ ಬೆರೆತಿತ್ತು. ಅವಳ ಕಾಲುಗಳು ತಾವಾಗಿ ನಿಂತವು. ಒಳಗಿನಿಂದ ಮಾರಣ್ಣ ಅವಳನ್ನು ಕಂಡು, ಹೇಗಿದೆ ಎನ್ನುವಂತೆ ಆಸೆಯಿಂದ ನೋಡಿದ.

ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಬೇರೆ ಹಲಗೆಯಲ್ಲೂ ಇಷ್ಟು ಚೆನ್ನಾಗಿ ಆಗುವಂತಿತ್ತಲ್ಲ ಎಂದು ಅವಳ ಸಿಟ್ಟು ಮತ್ತೆ ಹೊತ್ತಿಕೊಂಡಿತು. ಚೀಲವನ್ನು ಕಂಕುಳಿಗೆ ಒತ್ತಿಕೊಂಡು, ತರಕಾರಿ ಸಾಲಿನತ್ತ ನಡೆದುಬಿಟ್ಟಳು.