ರೆಟಿಕ್ಯುಲಿನ್ ಅಂದರೆ ಬಲೆ

ಗುಣವತಿ ಕೆಲಸ ಮಾಡುವ ಲ್ಯಾಬಿನಲ್ಲಿ ಮನುಷ್ಯನ ಮೈಯೊಳಗಿನ ನಾರುಗಳಿಗೆ ಮೂರೇ ಹೆಸರು: ಹಗ್ಗ, ಬಲೆ, ರಬ್ಬರು. ಪುಸ್ತಕದಲ್ಲಿ ಕೊಲ್ಯಾಜನ್, ರೆಟಿಕ್ಯುಲಿನ್, ಇಲಾಸ್ಟಿಕ್ ಎಂದಿರುತ್ತದೆ. ಇಪ್ಪತ್ತೆಂಟು ವರ್ಷದ ಹಿಂದೆ ಮಣಿಪಾಲಕ್ಕೆ ಕೆಲಸಕ್ಕೆ ಬಂದಾಗ ಆ ಹೆಸರುಗಳು ಅವಳ ನಾಲಗೆಗೆ ಹತ್ತಲೇ ಇಲ್ಲ. ಕಾಪುವಿನ ಮೀನುಗಾರರ ಮನೆಯ ಹುಡುಗಿ, ಕಣ್ಣಿಗೆ ಕಂಡದ್ದನ್ನು ಹೇಳಿದಳು. ದಪ್ಪಗೆ ಹುರಿಗೊಂಡು ನೀಲಿ ಹಿಡಿಯುವುದು ಹಗ್ಗ. ಬೆಳ್ಳಿಯ ದ್ರಾವಣದಲ್ಲಿ ಅದ್ದಿದರೆ ಕಪ್ಪಗೆ ಕಣ್ಣು ಕಣ್ಣಾಗಿ ಹರಡಿಕೊಳ್ಳುವುದು ಬಲೆ. ಎಳೆದು ಬಿಟ್ಟ ಹಾಗೆ ಸುರುಳಿಯಾಗಿ ಕಂದುಬಣ್ಣಕ್ಕೆ ತಿರುಗುವುದು ರಬ್ಬರು. ಈಗ ಸ್ಲೈಡು ನೋಡಿ ರಿಪೋರ್ಟ್ ಬರೆಯುವ ಸುಭಾಷಿಣಿ ಡಾಕ್ಟರೂ "ಗುಣವತಿಯಕ್ಕ, ಬಲೆ ಸರಿ ಬಂತಾ?" ಎಂದೇ ಕೇಳುವುದು.

ಹೋದ ವರ್ಷ ಇನ್ಸ್‌ಪೆಕ್ಷನ್‌ಗೆ ಬಂದವರೊಬ್ಬರು ರಿಜಿಸ್ಟರು ತೆರೆದರು. ‘ಬಲೆ - ಎರಡು’ ಎಂದಿತ್ತು. "ಇದೇನಮ್ಮ, ಲ್ಯಾಬೋ ಮೀನು ಮಾರ್ಕೆಟ್ಟೋ?" ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಅಂದಿನಿಂದ ಬರೆಯುವಾಗ ರೆಟಿಕ್ಯುಲಿನ್, ಬಾಯಲ್ಲಿ ಬಲೆ.

ಅಂಥದ್ದರಲ್ಲಿ ಅವಳ ಅಣ್ಣನದೇ ಲಿವರಿನ ತುಂಡು ಲ್ಯಾಬಿಗೆ ಬರುವ ಹಾಗಾಯಿತು. ಅಣ್ಣ, ಎಂದರೆ ಅಣ್ಣು, ಕಾಪುವಿನ ದೀಪಸ್ತಂಭದ ಹತ್ತಿರ ಒಂದು ಶೆಡ್ಡಿನಲ್ಲಿ ಕೂತು ಹರಿದ ಬಲೆ ರಿಪೇರಿ ಮಾಡುವವನು. ಕುಡಿದವನಲ್ಲ. ಗಂಟು ನೋವಿಗೆಂದು ಯಾರೋ ಕೊಟ್ಟ ಎಲೆಮದ್ದನ್ನು ಎರಡು ತಿಂಗಳು ಅರೆದು ಕುಡಿದಿದ್ದ, ಅಷ್ಟೆ. ಈಗ ಕಣ್ಣು ಅರಸಿನ ಹಚ್ಚಿದ ಹಾಗೆ ಆಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದಾನೆ. ಸೂಜಿ ಹಾಕಿ ತುಂಡು ತೆಗೆದ ದಿನ ಗುಣವತಿ ಪಕ್ಕದಲ್ಲಿ ಕೂತಿದ್ದಳು.

"ನಿನ್ನ ಕೈಗೇ ಬರುವುದಲ್ವಾ ಅದು?" ಎಂದ ಅಣ್ಣು.

"ಬರ್ತದೆ. ನಂಬರ್ ಮಾತ್ರ, ಹೆಸರು ಇರುವುದಿಲ್ಲ."

"ಎಂತ ನೋಡ್ತೀರಿ ಅದರಲ್ಲಿ?"

"ಲಿವರಿನೊಳಗೆ ಒಂದು ಬಲೆ ಉಂಟು. ಜೀವಕೋಶ ಎಲ್ಲ ಅದರ ಆಧಾರದಲ್ಲಿ ಕೂತಿರ್ತದೆ. ಕೋಶ ಸತ್ತರೆ ಬಲೆ ಕುಸಿದು ಮುದ್ದೆಯಾಗ್ತದೆ. ಅಷ್ಟೇ ಆದರೆ ಹೊಸ ಗಾಯ, ಮತ್ತೆ ತುಂಬಿಕೊಳ್ಳಬಹುದು. ಅದರ ಮೇಲೆ ಹಗ್ಗ, ರಬ್ಬರು ಬೆಳೆದಿದ್ದರೆ ವರ್ಷಗಟ್ಟಲೆ ಹಳೆಯದ್ದು. ಅದನ್ನು ಬಿಡಿಸ್ಲಿಕ್ಕೆ ಆಗುವುದಿಲ್ಲ."

"ಮುದ್ದೆಯಾದ ಬಲೆಯಾ? ಅದು ನನಗೆ ದಿನದ ಕೆಲಸ ಮಾರಾಯ್ತಿ." ಅಣ್ಣು ನಕ್ಕ. ಆಮೇಲೆ ಸ್ವರ ತಗ್ಗಿಸಿದ. "ಬರೀ ಬಲೆಯಾದರೆ ‘ಬಲೆ’ ಅಂತ ಒಂದು ಮೆಸೇಜ್ ಹಾಕು. ಫೋನ್ ಮಾಡಬೇಡ, ನಿನ್ನ ಸ್ವರ ಕೇಳಿದರೆ ಎದೆ ಹೊಡ್ಕೊಳ್ತದೆ. ರಬ್ಬರಾದರೆ ಎಂತದೂ ಹಾಕಬೇಡ. ನನಗೆ ಅರ್ಥ ಆಗ್ತದೆ."

"ಹಾಗೆ ಹೇಳ್ಲಿಕ್ಕಿಲ್ಲ ಅಣ್ಣ. ರಿಪೋರ್ಟ್ ಡಾಕ್ಟ್ರು ಕೊಡುವುದು."

"ಒಂದು ಶಬ್ದ. ಅದು ರಿಪೋರ್ಟಾ?"

ಆ ಹೊತ್ತಿನಿಂದ ಗುಣವತಿಗೆ ಏನೂ ಅನ್ನಿಸುವುದು ನಿಂತುಹೋಗಿತ್ತು. ಮೀನಿನ ಐಸ್ ಪೆಟ್ಟಿಗೆಯಲ್ಲಿ ತುಂಬ ಹೊತ್ತು ಕೈಯಿಟ್ಟವರ ಬೆರಳಿನ ಹಾಗೆ. ಬೆರಳು ಇರುತ್ತದೆ, ಕೆಲಸವನ್ನೂ ಮಾಡುತ್ತದೆ, ತನ್ನದೆಂದು ಗೊತ್ತಾಗುವುದಿಲ್ಲ. ಮರುದಿನ ಅಲೆವೂರಿನ ಮನೆಯಿಂದ ಬಸ್ಸು ಹತ್ತಿ ಬಂದಳು, ಕೋಟು ಹಾಕಿದಳು, ನಂಬರು ನೋಡಿದಳು.

"ಅಕ್ಕ, ಇದೊಂದು ನಾನು ಮಾಡ್ತೇನೆ. ನೀವು ಚಾ ಕುಡಿದು ಬನ್ನಿ," ಎಂದಳು ಜೊತೆಯ ಜೆನಿಟಾ.

"ಬೆಳ್ಳಿ ನಿನ್ನ ಕೈಗೆ ಒಲಿಯುವುದಿಲ್ಲ."

"ಬೆಳ್ಳಿ ಬಿಡಿ, ಚಿನ್ನವೂ ಒಲಿಯಲಿಲ್ಲ ನನಗೆ."

ಗುಣವತಿ ನಗಲಿಲ್ಲ. ಬೆಳ್ಳಿಗೆ ಅದ್ದಿದಳು, ತೊಳೆದಳು. ಗ್ಲೌಸಿನಲ್ಲಿ ಎಲ್ಲೋ ಒಂದು ತೂತು ಇದ್ದಿರಬೇಕು, ಎರಡು ಬೆರಳ ತುದಿ ಕಪ್ಪಾಯಿತು. ಬಲೆ ಬಂತು. ಮುದ್ದೆಯಾಗಿ, ಮಡಚಿಕೊಂಡು, ದಡಕ್ಕೆ ಎಳೆದು ಹಾಕಿದ ಹಾಗೆ. ಹಗ್ಗದ ನೀಲಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಉಳಿದದ್ದು ರಬ್ಬರು.

ರಬ್ಬರಿನ ಸ್ಲೈಡು ಖಾಲಿಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ದೇವರಿಗೆ ಕೈ ಮುಗಿಯುತ್ತಿದ್ದರು. ಗುಣವತಿ ಜೊತೆಗಿಟ್ಟ ಕಂಟ್ರೋಲ್ ಸ್ಲೈಡು ತೆಗೆದಳು. ಅದು ರಕ್ತನಾಳದ ಗೋಡೆಯ ಚೂರು. ಅಲ್ಲಿ ರಬ್ಬರು ಇರಲೇಬೇಕು. ಅದೂ ಖಾಲಿ. ಅಂದರೆ ಬಣ್ಣವೇ ಕೆಟ್ಟಿದೆ, ಏನೂ ತಿಳಿದಂತಾಗಲಿಲ್ಲ. ಪಕ್ಕದ ಸೆಕ್ಷನ್ನಿನಿಂದ ಒಂದಿಷ್ಟು ಬಣ್ಣ ಕೇಳಿ ತಂದು ಮೊದಲಿನಿಂದ ಶುರು ಮಾಡಿದಳು.

ಎರಡನೇ ಸಲ ಕಂಟ್ರೋಲಿನಲ್ಲಿ ಕಂದು ಸುರುಳಿಗಳು ಸಾಲಾಗಿ ನಿಂತವು. ಅಣ್ಣನ ಸ್ಲೈಡಿನಲ್ಲಿ, ಗಾಯದ ಜಾಗದಲ್ಲಿ, ಒಂದು ಎಳೆಯೂ ಇಲ್ಲ. ಸುಭಾಷಿಣಿ ಡಾಕ್ಟರು ತುಂಬ ಹೊತ್ತು ನೋಡಿದರು.

"ಬಲೆ ಮಾತ್ರ ಗುಣವತಿಯಕ್ಕ. ಹೊಸ ಗಾಯ. ಆ ಮದ್ದಿನದ್ದೇ ಇರಬೇಕು."

"ಆಯ್ತು ಮೇಡಂ," ಎಂದಳು ಗುಣವತಿ, ಯಾವ ಸ್ಲೈಡಿಗಾದರೂ ಹೇಳುವ ಹಾಗೆಯೇ. ಹೊರಗೆ ಹೋಗಿ ಅಣ್ಣುವಿನ ನಂಬರಿಗೆ ಒಂದೇ ಶಬ್ದ ಹಾಕಿದಳು: ಬಲೆ.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ದೋಣಿಯವರೆಲ್ಲ ಬಲೆಯ ವಿಷಯಕ್ಕೆ ಫೋನು ಮಾಡಿ ಮಾಡಿ ಅಪ್ಪನಿಗೆ ನಿದ್ದೆ ಇಲ್ಲವೆಂದು ಅಣ್ಣುವಿನ ಮಗಳು ವಿಜೇತಾ ಬೆಳಿಗ್ಗೆಯೇ ಆ ಫೋನನ್ನು ಕಾಪುವಿಗೆ ತೆಗೆದುಕೊಂಡು ಹೋಗಿದ್ದಳು. ತುಳುವಿನಲ್ಲಿ ಬಲೆ ಅಂದರೆ ಬಲೆಯೂ ಹೌದು, ‘ಬನ್ನಿ’ ಎಂದೂ ಹೌದು. ಮನೆಯವರೊಬ್ಬರು ಆಸ್ಪತ್ರೆಯಲ್ಲಿ ಮಲಗಿರುವಾಗ ಅಲ್ಲಿಂದ ‘ಬನ್ನಿ’ ಎಂದಷ್ಟೇ ಸುದ್ದಿ ಬಂದರೆ ಅದರ ಅರ್ಥ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಜೀವ ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಒಂದೂವರೆ ಗಂಟೆಯಲ್ಲಿ ಟೆಂಪೋ ಬಂತು. ವಿಜೇತಾ, ಅತ್ತಿಗೆ, ದೋಣಿಯ ಧರ್ಮಪಾಲ, ಕಟಪಾಡಿಯಲ್ಲಿ ಹತ್ತಿಕೊಂಡ ನೆಂಟರು, ಒಟ್ಟು ಹನ್ನೊಂದು ಜನ ನೇರ ಲ್ಯಾಬಿನ ಬಾಗಿಲಿಗೆ. ಅತ್ತಿಗೆಯ ಕಣ್ಣಲ್ಲಿ ನೀರಿರಲಿಲ್ಲ, ದಾರಿಯಲ್ಲೇ ಮುಗಿದಿತ್ತು.

"ಎಲ್ಲಿಟ್ಟಿದ್ದಾರೆ ಗುಣವತಿ?"

"ಎಂತದನ್ನು?"

"ಮಾಮಿ, ನೀವೇ ಅಲ್ವಾ ಬನ್ನಿ ಅಂತ ಹಾಕಿದ್ದು!" ಎಂದು ವಿಜೇತಾ ಫೋನು ಮುಂದೆ ಹಿಡಿದಳು.

ಗುಣವತಿ ಆ ಶಬ್ದವನ್ನು ನೋಡಿದಳು. ಬೇರೆ ಯಾರೋ ಬರೆದದ್ದನ್ನು ಓದಿದ ಹಾಗಿತ್ತು. "ಅದು ಬನ್ನಿ ಅಲ್ಲ," ಎಂದಳು. "ಅದು ಬಲೆ. ಮೀನಿನ ಬಲೆ. ಅಣ್ಣ ಮೇಲೆ ಗಂಜಿ ಊಟ ಮಾಡ್ತಾ ಇದ್ದಾನೆ."

ಅತ್ತಿಗೆ ಅಲ್ಲೇ ನೆಲದಲ್ಲಿ ಕೂತುಬಿಟ್ಟಳು. ಗದ್ದಲ ಕೇಳಿ ಸುಭಾಷಿಣಿ ಡಾಕ್ಟರು ಹೊರಗೆ ಬಂದರು. ಫೋನು ನೋಡಿದರು, ಗುಣವತಿಯನ್ನು ನೋಡಿದರು. "ರಿಪೋರ್ಟಿಗೆ ಮೊದಲು ಹೇಳಬಾರದಿತ್ತು," ಎಂದಷ್ಟೇ ಹೇಳಿದರು. ಜೆನಿಟಾ ಸುಮ್ಮನಿರುವವಳಲ್ಲ. "ಆ ಇನ್ಸ್‌ಪೆಕ್ಷನ್‌ನವರು ಹೇಳಿದ್ದು ಸರಿಯೇ ಮೇಡಂ. ರೆಟಿಕ್ಯುಲಿನ್ ಅಂತ ಹಾಕಿದ್ದರೆ ಒಂದು ನರಪಿಳ್ಳೆಯೂ ಬರ್ತಿರಲಿಲ್ಲ."

ಮೇಲೆ ಅಣ್ಣು ಗಂಜಿಯ ಬಟ್ಟಲು ಹಿಡಿದು ಕೂತಿದ್ದ. ಬಾಗಿಲಲ್ಲಿ ಹನ್ನೊಂದು ಮುಖ ಕಂಡದ್ದೇ ಚಮಚ ಕೆಳಗಿಟ್ಟ.

"ಇಷ್ಟು ಜನ ಬಂದಿದ್ದಾರೆ ಅಂದರೆ ಗೊತ್ತಾಯ್ತು ಬಿಡು. ರಬ್ಬರಲ್ವಾ?"

"ಅಲ್ಲ ಅಣ್ಣ. ಬಲೆ."

"ಬರೀ ಬಲೆಯಾ?"

"ಬರೀ ಬಲೆ. ಎರಡು ಸಲ ನೋಡಿದ್ದೇನೆ."

ಅಣ್ಣು ಚಮಚ ಮತ್ತೆ ಕೈಗೆತ್ತಿಕೊಂಡ. "ಹಾಗಾದರೆ ಇವರೆಲ್ಲ ಎಂತಕ್ಕೆ ಬಂದದ್ದು?"

ಧರ್ಮಪಾಲ ಕೈಯಲ್ಲಿದ್ದ ಪೇಪರಿನ ಕಟ್ಟನ್ನು ಬೆನ್ನ ಹಿಂದೆ ಸರಿಸಿದ. ಸರಿಸುವಾಗ ಪೇಪರು ಹರಿದು ಹೊಸ ಬಿಳಿ ಬಟ್ಟೆಯ ಅಂಚು ಹೊರಗೆ ಬಂತು.

"ತಾ ಇಲ್ಲಿ," ಎಂದ ಅಣ್ಣು. "ಚಂದದ ಬಟ್ಟೆ. ಮನೆಗೆ ಹೋಗುವಾಗ ಉಡ್ಲಿಕ್ಕೆ ಆಗ್ತದೆ."

ಮೊದಲು ನಕ್ಕವಳು ಅತ್ತಿಗೆ. ನಗು ನಡುವಿನಲ್ಲೇ ಅಳುವಾಯಿತು. ಗುಣವತಿ ಮಂಚದ ಕಾಲಬುಡದಲ್ಲಿ ನಿಂತಿದ್ದಳು. ಅಣ್ಣು ಅವಳ ಕೈ ಹಿಡಿದು ಹತ್ತಿರ ಎಳೆದ, ಕಪ್ಪಾದ ಬೆರಳುಗಳನ್ನು ತಿರುಗಿಸಿ ನೋಡಿದ.

"ಎಂತ ಇದು, ಇಷ್ಟು ತಣ್ಣಗೆ?"

ತಣ್ಣಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವನು ಒತ್ತಿ ಹಿಡಿದಲ್ಲಿ ಸಣ್ಣಗೆ ನೋವು ಶುರುವಾಯಿತು, ಐಸಿನಿಂದ ತೆಗೆದ ಕೈಗೆ ಆಗುವ ಹಾಗೆ.

"ರಬ್ಬರಿನ ಬಣ್ಣ ಕೆಟ್ಟುಹೋಗಿದೆ," ಎಂದಳು ಗುಣವತಿ, ಯಾರಿಗೆಂದು ಇಲ್ಲದೆ. "ನಾಳೆ ಹೊಸದು ಮಾಡಬೇಕು."